ತಿಪ್ಪೆಯೊಳಗಿನ ಕಾವು

ಮಕ್ಕಳೇ, ಶಿವರಾತ್ರಿ ಕಳೆಯಿತೆಂದರೆ ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್‌ನಂಥ ಊರುಗಳಲ್ಲಿ ಹಿತ್ತಲ ಹಂಗಾಮು ಮುಗಿದಂತೆಯೇ. ದಸರೆಯ ಹೊತ್ತಿಗೆ ಊರಿದ ಅವರೆ ಬಳ್ಳಿ ಚಪ್ಪರದ ಮೇಲೆಯೇ ಒಣಗಿ, ಗಾಳಿ ಬಂದಾಗಲೆಲ್ಲ ಗಲಗಲ ಅನ್ನುತ್ತದೆ. ಬದನೆ ಗಿಡದಲ್ಲಿ ಉಳಿದದ್ದು ನಾಲ್ಕೇ ಕಾಯಿ, ಅವೂ ಹುಳುಕು. ಮೆಂತೆ, ರಾಜಗಿರಿ ಬೀಜ ಕಟ್ಟಿವೆ. ಪುಂಡಿ ಪಲ್ಯಕ್ಕೆ ಬಾರದಷ್ಟು ಬಲಿತು ಕಟ್ಟಿಗೆಯಾಗಿದೆ. ಬಿಸಿಲು ದಿನದಿಂದ ದಿನಕ್ಕೆ ಏರುತ್ತಿದೆ. ಏಪ್ರಿಲ್ ಬಂದರೆ ರಾಯಚೂರು ಸೀಮೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಪ್ರತಿ ವರ್ಷದ ಮಾತು. ಬಚ್ಚಲ ನೀರು ಹರಿಯುವ ಕಡೆ ನಿಂತ ಒಂದೆರಡು ಗಿಡ ಬಿಟ್ಟರೆ ಮಿಕ್ಕವು ಆ ಬಿಸಿಲನ್ನು ತಡೆಯಲಾರವು.

ಮನೆಯವರು ಆಗ ಹಿತ್ತಲು ಹಸನು ಮಾಡಲು ಇಳಿಯುತ್ತಾರೆ. ಒಣ ಗಿಡಗಳನ್ನೆಲ್ಲ ಕಿತ್ತು ಮೂಲೆಗೆ ಗುಡ್ಡೆ ಹಾಕಿ, ಸಂಜೆ ಕಡ್ಡಿ ಗೀರುತ್ತಾರೆ. ಯಾಕೆ ಎಂದು ಕೇಳಿ ನೋಡಿ. "ಹಾವು ಚೇಳು ಸೇರ್ತಾವಪ್ಪಾ, ಅದಕ್ಕ ಸುಡ್ತೀವಿ" ಅನ್ನುತ್ತಾರೆ. ಅವರ ಭಯ ಸುಳ್ಳಲ್ಲ, ಒಣ ಕಸದ ಗುಡ್ಡೆಯಲ್ಲಿ ಚೇಳು ಸೇರುವುದು ನಿಜ. ಆದರೆ ಆ ಬೆಂಕಿಯಲ್ಲಿ ಏನೇನು ಹೋಗುತ್ತದೆ ಎಂಬುದನ್ನು ತಿಳಿದರೆ, ಸುಡದೆಯೂ ಹಿತ್ತಲು ಹಸನಾಗುವ ದಾರಿ ಹುಡುಕಬೇಕೆಂದು ನಿಮಗೇ ಅನ್ನಿಸುತ್ತದೆ.

ಮೊದಲು ಅವರೆ ಬಳ್ಳಿಯ ಬುಡಕ್ಕೆ ಬನ್ನಿ. ಇನ್ನೂ ಒಂದಿಷ್ಟು ಹಸಿರುಳಿದ ಬಳ್ಳಿ ಆರಿಸಿಕೊಳ್ಳಿ. ಎರಿ ಮಣ್ಣು ಒಣಗಿದರೆ ಕಲ್ಲಿನಷ್ಟು ಗಟ್ಟಿ, ಜಗ್ಗಿದರೆ ಬೇರು ಹರಿದು ಒಳಗೇ ಉಳಿಯುತ್ತದೆ. ಆದ್ದರಿಂದ ಬುಡಕ್ಕೆ ಎರಡು ಚೊಂಬು ನೀರು ಹಾಕಿ ತಾಸು ಬಿಟ್ಟು, ಸುತ್ತಲ ಮಣ್ಣನ್ನು ಖುರ್ಪಿಯಿಂದ ಸಡಿಲಿಸಿ ಮೆಲ್ಲಗೆ ಎತ್ತಿ. ಮಣ್ಣು ಸಮೇತ ಬಕೆಟ್ ನೀರಲ್ಲಿ ಅದ್ದಿ ಅಲ್ಲಾಡಿಸಿ. ಮಣ್ಣು ಕರಗಿ ಹೋದ ಮೇಲೆ ಬೇರಿಗೆ ಅಲ್ಲಲ್ಲಿ ಅಂಟಿಕೊಂಡ ಗಂಟುಗಳು ಕಾಣುತ್ತವೆ. ಕೆಲವು ಸಾಸಿವೆಯಷ್ಟು, ಕೆಲವು ಜೋಳದ ಕಾಳಿನಷ್ಟು. ಒಂದನ್ನು ಉಗುರಿನಿಂದ ಎರಡು ಹೋಳು ಮಾಡಿ ನೋಡಿ. ಒಳಗೆ ಗುಲಾಬಿ ಬಣ್ಣ!

ಆ ಬಣ್ಣಕ್ಕೆ ಕಾರಣ ಲೆಗ್‌ಹಿಮೋಗ್ಲೋಬಿನ್ ಎಂಬ ವಸ್ತು. ನಮ್ಮ ರಕ್ತಕ್ಕೆ ಕೆಂಪು ಕೊಡುವ ಹಿಮೋಗ್ಲೋಬಿನ್ನಿಗೆ ಅದು ಹತ್ತಿರದ ಸಂಬಂಧಿ. ಗಂಟಿನೊಳಗೆ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾಗಳು ವಾಸಿಸುತ್ತವೆ. ಗಾಳಿಯಲ್ಲಿ ನೂರಕ್ಕೆ 78 ಭಾಗ ಸಾರಜನಕವೇ ಇದ್ದರೂ ಗಿಡಗಳು ಅದನ್ನು ನೇರವಾಗಿ ಬಳಸಲಾರವು. ಈ ಬ್ಯಾಕ್ಟೀರಿಯಾಗಳು ಅದನ್ನು ಹಿಡಿದು ಗಿಡಕ್ಕೆ ಒಗ್ಗುವ ರೂಪಕ್ಕೆ ತರುತ್ತವೆ. ಪ್ರತಿಯಾಗಿ ಗಿಡ ಅವಕ್ಕೆ ಸಕ್ಕರೆ ಕೊಡುತ್ತದೆ. ತೊಗರಿ, ಶೇಂಗಾ, ಅಲಸಂದೆ, ಚವಳಿಕಾಯಿ ಗಿಡಗಳ ಬೇರಿನಲ್ಲೂ ಇದೇ ವ್ಯವಹಾರ ನಡೆಯುತ್ತದೆ. ಪೂರಾ ಒಣಗಿದ ಬಳ್ಳಿಯ ಗಂಟು ಬಿಡಿಸಿದರೆ ಒಳಗೆ ಕಂದು ಬಣ್ಣ ಕಾಣುತ್ತದೆ. ಅಂದರೆ ಅದರ ಕೆಲಸ ಮುಗಿದಿದೆ.

ಹಾಗಾಗಿ ಒಂದು ಬಳ್ಳಿಯನ್ನು ನೋಡಲಿಕ್ಕೆ ಕಿತ್ತದ್ದು ಸಾಕು. ಉಳಿದ ಅವರೆ, ಚವಳಿ ಗಿಡಗಳನ್ನು ಕೀಳಬೇಡಿ, ಮಣ್ಣಿನ ಮಟ್ಟಕ್ಕೆ ಕುಡುಗೋಲಿನಿಂದ ಕೊಯ್ಯಿಸಿ. ಬೇರು ಅಲ್ಲೇ ಕೊಳೆತು ತನ್ನ ಸಾರಜನಕವನ್ನು ಮಣ್ಣಿಗೆ ಬಿಡುತ್ತದೆ. ಬೇರು ಕರಗಿದ ಜಾಗ ಸಣ್ಣ ಕೊಳವೆಯಾಗಿ ಉಳಿದು, ಮುಂಗಾರಿನ ಮೊದಲ ಮಳೆಯನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆ.

ಬದನೆ, ಟೊಮ್ಯಾಟೊ ಗಿಡಗಳನ್ನು ಮಾತ್ರ ಬೇರು ಸಮೇತ ಕಿತ್ತು ಪರೀಕ್ಷಿಸಿ. ಅವುಗಳ ಬೇರಲ್ಲೂ ಗಂಟು ಕಂಡರೆ ಹಿಗ್ಗಬೇಡಿ, ಅದು ರೋಗ. ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳುಗಳು ಬೇರಿನೊಳಗೆ ಸೇರಿ ಹೀಗೆ ಮಾಡುತ್ತವೆ. ಗುರುತಿಸುವುದು ಸುಲಭ. ಅವರೆಯ ಗಂಟು ಬೇರಿನ ಪಕ್ಕಕ್ಕೆ ಅಂಟಿರುತ್ತದೆ, ಬೆರಳಿನಿಂದ ಉಜ್ಜಿದರೆ ಕಳಚಿ ಬೀಳುತ್ತದೆ. ಬದನೆಯ ಗಂಟು ಬೇರೇ ಊದಿಕೊಂಡು ಆದದ್ದು, ಕಳಚಿ ಬರುವುದಿಲ್ಲ. ಅಂಥ ಬೇರನ್ನು ಗೊಬ್ಬರಕ್ಕೆ ಹಾಕದೆ, ಬಂಡೆಯ ಮೇಲೆ ಹರಡಿ ಬಿಸಿಲಿಗೆ ಬಿಡಿ. ನಮ್ಮ ಬೇಸಿಗೆಯ ಬಿಸಿಲು ಈ ಒಂದು ಕೆಲಸಕ್ಕೆ ಬಹಳ ಒಳ್ಳೆಯದು.

ಇನ್ನು ಬೆಂಕಿಯ ಮಾತು. ಕೃಷ್ಣಾ, ತುಂಗಭದ್ರಾ ನದಿಗಳ ನಡುವಿನ ನಮ್ಮ ಈ ಎಡೆದೊರೆ ನಾಡಿನಲ್ಲೂ ಅದರ ಆಸುಪಾಸಿನಲ್ಲೂ ಬೂದಿ ದಿಬ್ಬಗಳಿವೆ. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳ, ಸುರಪುರ ಸೀಮೆಯ ಬೂದಿಹಾಳ, ಬಳ್ಳಾರಿ ಹತ್ತಿರದ ಕುಡತಿನಿ, ಕೃಷ್ಣೆಯಾಚೆ ಇಂದಿನ ತೆಲಂಗಾಣದಲ್ಲಿರುವ ಉತ್ನೂರು, ಇವೆಲ್ಲ ಅದಕ್ಕೆ ಹೆಸರಾದ ಜಾಗಗಳು. ಬಹಳ ಕಾಲ ಜನ ಇವನ್ನು ರಾಕ್ಷಸರ ಮೂಳೆಯ ಬೂದಿ, ಯಜ್ಞದ ಬೂದಿ ಎಂದೆಲ್ಲ ಹೇಳುತ್ತಿದ್ದರು. ಅದು ದನದ ಸಗಣಿ ಸುಟ್ಟ ಬೂದಿ ಎಂದು 19ನೇ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಊಹಿಸಿದರು. 1957ರಲ್ಲಿ ರೇಮಂಡ್ ಆಲ್ಚಿನ್ ಎಂಬ ಪುರಾತತ್ವಜ್ಞ ಉತ್ನೂರಿನಲ್ಲಿ ಅಗೆದಾಗ ದನಗಳ ಗೊರಸಿನ ಗುರುತುಗಳೇ ಸಿಕ್ಕವು. 4,000 ವರ್ಷಗಳಿಗೂ ಹಿಂದೆ ಇಲ್ಲಿ ದನ ಸಾಕಿದವರು ದೊಡ್ಡಿಯ ಸಗಣಿಯನ್ನು ರಾಶಿ ಹಾಕಿ, ಆಗಾಗ ಸುಟ್ಟಿದ್ದರು. ಯಾಕೆ ಸುಟ್ಟರು ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ನನಗಂತೂ ಆ ದಿಬ್ಬಗಳನ್ನು ನೆನೆದಾಗಲೆಲ್ಲ ಎಷ್ಟೊಂದು ಗೊಬ್ಬರ ಎಂದೇ ಅನ್ನಿಸುತ್ತದೆ.

ಸುಟ್ಟ ಬೂದಿಯಲ್ಲಿ ಏನು ಉಳಿಯುತ್ತದೆ? ಸುಣ್ಣದ ಅಂಶ, ಪೊಟ್ಯಾಷ್, ರಂಜಕ ಉಳಿಯುತ್ತವೆ. ಗಿಡದ ಮೈಯಲ್ಲಿದ್ದ ಇಂಗಾಲ, ರೈಜೋಬಿಯಂ ಕಷ್ಟಪಟ್ಟು ಹಿಡಿದಿದ್ದ ಸಾರಜನಕ, ಇವೆರಡರ ಬಹುಪಾಲು ಹೊಗೆಯ ಜೊತೆ ಮೇಲೆ ಹೋಗುತ್ತದೆ. ಆರು ತಿಂಗಳು ದುಡಿದು ಗಳಿಸಿದ್ದು ಐದು ನಿಮಿಷದಲ್ಲಿ ಹೋಯಿತು. ಕಾಲುವೆ ಕೆಳಗಿನ ಗದ್ದೆಗಳಲ್ಲಿ ಭತ್ತದ ಹುಲ್ಲಿಗೆ ಬೆಂಕಿ ಇಟ್ಟಾಗಲೂ ಆಗುವುದು ಇದೇ, ಅಲ್ಲಿ ನಷ್ಟ ಎಕರೆಗಟ್ಟಲೆ.

ಈಗ ಒಂದು ಸೋಜಿಗದ ಸಂಗತಿ ಕೇಳಿ. ಕೊಳೆಯುವುದೂ ಒಂದು ಬಗೆಯ ಉರಿಯೇ! ಬೆಂಕಿಯಲ್ಲಿ ಗಿಡದ ಇಂಗಾಲ ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಇಂಗಾಲದ ಡೈಆಕ್ಸೈಡ್, ನೀರಾವಿ, ಶಾಖ ಹುಟ್ಟುತ್ತವೆ. ಗಾಳಿಯಾಡುವ ಗೊಬ್ಬರದ ರಾಶಿಯಲ್ಲಿ ಹುಟ್ಟುವುದೂ ಇವೇ ಮೂರು. ಆದರೆ ಇಲ್ಲಿ ಆ ಕೆಲಸವನ್ನು ಸೂಕ್ಷ್ಮಜೀವಿಗಳು ತಿನ್ನುತ್ತಾ, ಉಸಿರಾಡುತ್ತಾ ನಿಧಾನವಾಗಿ ಮಾಡುತ್ತವೆ. ಸಾರಜನಕ ಬಿಟ್ಟು ಅವಕ್ಕೆ ಬದುಕಿಲ್ಲ. ಹಾಗಾಗಿ ಅದರಲ್ಲಿ ಹೆಚ್ಚಿನ ಪಾಲನ್ನು ತಮ್ಮ ಮೈಯಲ್ಲೇ ಕಟ್ಟಿಟ್ಟುಕೊಳ್ಳುತ್ತವೆ. ಅವು ಸತ್ತ ಮೇಲೆ ಅದು ಗಿಡಕ್ಕೆ ಸಿಗುತ್ತದೆ.

ಚಳಿಗಾಲದ ನಸುಕಿನಲ್ಲಿ ತಿಪ್ಪೆಯಿಂದ ಹಬೆ ಏಳುವುದನ್ನು ನೀವು ನೋಡಿರುತ್ತೀರಿ. ಚೆನ್ನಾಗಿ ಕೂಡಿಸಿದ ರಾಶಿಯ ಒಳಗೆ ಕಾವು 55ರಿಂದ 65 ಡಿಗ್ರಿವರೆಗೆ ಏರುತ್ತದೆ, ನಮ್ಮ ಏಪ್ರಿಲ್ ಬಿಸಿಲಿಗಿಂತ ಹೆಚ್ಚು. ಅಷ್ಟು ಕಾವಿನಲ್ಲಿ ಕಳೆಯ ಬೀಜ, ಕೀಟದ ಮೊಟ್ಟೆ ಬಹುತೇಕ ಸಾಯುತ್ತವೆ. ಕಾವು ಇಷ್ಟಪಡುವ ಬ್ಯಾಕ್ಟೀರಿಯಾಗಳಿಗೆ ಮಾತ್ರ ಅದು ಹಬ್ಬ. ಕಾವು ಇಳಿದ ಮೇಲೆ ಬೂಸುಗಳು ಬರುತ್ತವೆ, ಆಕ್ಟಿನೋಮೈಸೀಟ್ ಎಂಬ ನೂಲಿನ ರೂಪದ ಬ್ಯಾಕ್ಟೀರಿಯಾಗಳು ಬರುತ್ತವೆ, ಕೊನೆಗೆ ಎರೆಹುಳ. ಹಣ್ಣಾದ ಗೊಬ್ಬರಕ್ಕೂ ಮೊದಲ ಮಳೆ ಬಿದ್ದ ನೆಲಕ್ಕೂ ಒಂದೇ ವಾಸನೆ ಯಾಕೆ ಗೊತ್ತೇ? ಎರಡಕ್ಕೂ ಕಾರಣ ಆ ಆಕ್ಟಿನೋಮೈಸೀಟ್‌ಗಳು ತಯಾರಿಸುವ ಜಿಯೋಸ್ಮಿನ್ ಎಂಬ ವಸ್ತು.

ಈ ಜೀವಿಗಳಿಗೆ ಊಟ ಬಡಿಸುವುದರಲ್ಲಿ ಒಂದು ಲೆಕ್ಕವಿದೆ. ನಾವು ಬರೀ ರೊಟ್ಟಿ ತಿನ್ನುವುದಿಲ್ಲ, ಬರೀ ಪಲ್ಯವನ್ನೂ ತಿನ್ನುವುದಿಲ್ಲ, ಅಲ್ಲವೇ? ಅವಕ್ಕೂ ಹಾಗೆಯೇ. ಸಾರಜನಕ ಒಂದು ಪಾಲು ಇದ್ದರೆ ಇಂಗಾಲ 25ರಿಂದ 30 ಪಾಲು ಇರಬೇಕು. ಭತ್ತದ ಹುಲ್ಲಿನಲ್ಲಿ ಇಂಗಾಲ ಸುಮಾರು 80 ಪಾಲು, ಅದೊಂದನ್ನೇ ಹಾಕಿದರೆ ತಿಂಗಳುಗಟ್ಟಲೆ ಬಿದ್ದಿರುತ್ತದೆ. ದನದ ಹೆಂಡಿಯಲ್ಲಿ ಸುಮಾರು 20, ಎಳೆಯ ಸೊಪ್ಪು ಮತ್ತು ಕಾಯಿಪಲ್ಯದ ಸಿಪ್ಪೆಯಲ್ಲಿ ಇನ್ನೂ ಕಡಿಮೆ. ಇವನ್ನೇ ರಾಶಿ ಹಾಕಿದರೆ ಹೆಚ್ಚಾದ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ತಿಪ್ಪೆಯ ಹತ್ತಿರ ಮೂಗಿಗೆ ಚುರ್ರೆನ್ನುವ ವಾಸನೆ ಬಂದರೆ ಗೊಬ್ಬರದ ಸತ್ವ ಗಾಳಿಗೆ ಹೋಗುತ್ತಿದೆ ಎಂದೇ ಅರ್ಥ. ಒಣದು ಮತ್ತು ಹಸಿಯದು ಪದರ ಪದರವಾಗಿ ಕೂಡಬೇಕು.

ಇದನ್ನು ಕ್ರಮವಾಗಿ ಮಾಡುವ ವಿಧಾನವನ್ನು ಆಲ್ಬರ್ಟ್ ಹೋವರ್ಡ್ ಎಂಬ ವಿಜ್ಞಾನಿ 1924ರಿಂದ 1931ರವರೆಗೆ ಇಂದೋರಿನಲ್ಲಿ ರೂಪಿಸಿದರು. ಅಲ್ಲಿ ರಾಶಿಯನ್ನು ಆಗಾಗ ತಿರುವಿ ಹಾಕಬೇಕು, ನೀರು ಚಿಮುಕಿಸಬೇಕು. ಗೊಬ್ಬರ ಮೂರ್ನಾಲ್ಕು ತಿಂಗಳಲ್ಲೇ ಸಿಗುತ್ತದೆ. ಆದರೆ ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಕೊಡ ಹಿಡಿದು ನಿಲ್ಲುವ ಓಣಿಯಲ್ಲಿ ತಿಪ್ಪೆಗೆ ದಿನಾ ನೀರು ಯಾರು ಹಾಕುತ್ತಾರೆ? ನಮ್ಮ ಸೀಮೆಗೆ ಹೊಂದುವುದು ಇನ್ನೊಂದು ವಿಧಾನ. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ರೂಪಿಸಿದ ಅದಕ್ಕೆ ಬೆಂಗಳೂರು ವಿಧಾನ ಎಂದೇ ಹೆಸರು. ಊರ ಕಸವನ್ನು ಗೊಬ್ಬರ ಮಾಡಲು ಹುಟ್ಟಿದ ವಿಧಾನವಾದರೂ ಹಿತ್ತಲಿಗೂ ನಡೆಯುತ್ತದೆ. ಗುಂಡಿ ತುಂಬಿ, ಮೇಲೆ ಮಣ್ಣು ಮೆತ್ತಿ ಬಿಟ್ಟುಬಿಡುವುದು. ತಿರುವುವುದಿಲ್ಲ, ಮತ್ತೆ ನೀರು ಹಾಕುವುದಿಲ್ಲ. ತೇವವೂ ಸಾರಜನಕವೂ ಒಳಗೇ ಉಳಿಯುತ್ತವೆ. ಬೇಕಾದ್ದು ತಾಳ್ಮೆ ಒಂದೇ: ಆರರಿಂದ ಎಂಟು ತಿಂಗಳು.

ಗುಂಡಿ ತೋಡುವುದು ದೊಡ್ಡವರ ಕೆಲಸ. ಬೇವಿನ ಮರದ ನೆರಳಲ್ಲಿ, ಬಾವಿ ಬೋರ್‌ವೆಲ್‌ಗಳಿಂದ ದೂರದಲ್ಲಿ, ಮೂರು ಅಡಿ ಆಳ, ಮೂರು ಅಡಿ ಅಗಲ, ನಾಲ್ಕೈದು ಅಡಿ ಉದ್ದ ಇದ್ದರೆ ಒಂದು ಮನೆಗೆ ಸಾಕು. ಅಳತೆ ತೀರಾ ಸಣ್ಣದಾದರೆ ಹುಟ್ಟಿದ ಕಾವು ಒಳಗೆ ನಿಲ್ಲುವುದಿಲ್ಲ. ನಿಮ್ಮ ಕೆಲಸ ಇರುವುದು ತುಂಬುವುದರಲ್ಲಿ. ಬಳ್ಳಿ, ಬದನೆ ಕಡ್ಡಿಗಳನ್ನು ಗೇಣುದ್ದಕ್ಕಿಂತ ಸಣ್ಣಗೆ ತುಂಡು ಮಾಡಿಸಿ. ತುಂಡು ಸಣ್ಣದಾದಷ್ಟೂ ಸೂಕ್ಷ್ಮಜೀವಿಗಳಿಗೆ ಬಾಯಿ ಹಾಕಲು ಜಾಗ ಹೆಚ್ಚು. ಅರ್ಧ ಅಡಿ ಒಣ ಕಸ, ಅದರ ಮೇಲೆ ಸಿಪ್ಪೆ ಸೊಪ್ಪು, ಮೇಲೆ ಹೆಂಡಿ ಕದಡಿದ ನೀರು, ಒಂದು ಹಿಡಿ ಹಳೇ ತಿಪ್ಪೆಗೊಬ್ಬರ. ಆ ಒಂದು ಹಿಡಿಯಲ್ಲೇ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿವೆ, ಹೊಸ ಗುಂಡಿಗೆ ಅವೇ ಹೆಪ್ಪು. ನೀರು ಎಷ್ಟು ಬೇಕೆಂದು ಮುಷ್ಟಿಯೇ ಹೇಳುತ್ತದೆ. ಕಸವನ್ನು ಬಿಗಿಯಾಗಿ ಹಿಂಡಿದಾಗ ಬೆರಳ ಸಂದಿನಲ್ಲಿ ಒಂದೆರಡು ಹನಿ ಕಾಣಬೇಕು. ಸುರಿದರೆ ಹೆಚ್ಚಾಯಿತು, ಹನಿಯೇ ಬಾರದಿದ್ದರೆ ಸಾಲದು.

ಹೂ ಬಿಟ್ಟ ಕಾಂಗ್ರೆಸ್ ಹುಲ್ಲು, ಬಳ್ಳಾರಿ ಜಾಲಿಯ ಮುಳ್ಳು, ಪ್ಲಾಸ್ಟಿಕ್ ಚೀಟಿ ಇವಾವೂ ಒಳಗೆ ಹೋಗಕೂಡದು. ಕಸದ ಗುಡ್ಡೆಗೆ ಕೈ ಹಾಕುವ ಮುಂಚೆ ಕೋಲಿನಿಂದ ಕೆದಕಿ ನೋಡಿ. ಕೆಲಸ ಮುಗಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯಿರಿ.

ನೆಲದಿಂದ ಒಂದೂವರೆ ಅಡಿ ಮೇಲೆ ಬರುವವರೆಗೆ ತುಂಬಿ, ಎಂಟು ಹತ್ತು ದಿನ ಹಾಗೇ ಬಿಡಿ. ಈ ದಿನಗಳಲ್ಲೇ ಒಂದು ಪ್ರಯೋಗ ಮಾಡಬಹುದು. ನಾಲ್ಕನೆಯ ದಿನ ಒಂದು ಕಬ್ಬಿಣದ ಸಲಾಕೆಯನ್ನು ರಾಶಿಯ ನಡುವೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ಎಳೆದು, ತುದಿಯ ಹತ್ತಿರ ಕೈ ಒಯ್ದು ನೋಡಿ. ಮುಟ್ಟುವ ಮುಂಚೆಯೇ ಕಾವು ತಿಳಿಯುತ್ತದೆ. ಸಲಾಕೆ ತಣ್ಣಗಿದ್ದರೆ ಹೆಂಡಿ ಅಥವಾ ನೀರು ಕಡಿಮೆಯಾಗಿದೆ. ಆಮೇಲೆ ಮಣ್ಣು ಹೆಂಡಿ ಕಲಸಿ ಒಂದು ಅಂಗುಲ ದಪ್ಪ ಮೆತ್ತಿ ಮುಚ್ಚಿ. ಬಿಸಿಲಿಗೆ ಬಿರುಕು ಬಿಟ್ಟರೆ ಮತ್ತೆ ಸಾರಿಸಿ. ಒಳಗೆ ಗಾಳಿ ತೀರಿದ ಮೇಲೆ, ಗಾಳಿ ಬೇಡದ ಬೇರೆ ಬ್ಯಾಕ್ಟೀರಿಯಾಗಳು ಉಳಿದ ಕೆಲಸವನ್ನು ಮೆಲ್ಲಗೆ ಮುಗಿಸುತ್ತವೆ. ರಾಶಿ ಕುಸಿದು ಅರ್ಧದಷ್ಟಾಗುತ್ತದೆ.

ಇಷ್ಟು ಶ್ರಮ ನಮ್ಮ ಕಡೆ ಯಾಕೆ ಬೇಕು? ಬೇಸಿಗೆಯಲ್ಲಿ ಎರಿ ಹೊಲಕ್ಕೆ ಹೋದರೆ ಕೈ ಇಳಿಯುವಷ್ಟು ಬಿರುಕು ಕಾಣುತ್ತದೆ. ಆ ಜೇಡಿಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಗೊಬ್ಬರ ಸೇರಿದರೆ ಅದೇ ಮಣ್ಣು ಹರಳು ಹರಳಾಗಿ ನಿಂತು ಎಳೆ ಬೇರಿಗೆ ದಾರಿ ಬಿಡುತ್ತದೆ. ಮಸಾರಿ ಮಣ್ಣಿನ ತೊಂದರೆ ಬೇರೆ, ಅದರಲ್ಲಿ ನೀರು ನಿಲ್ಲುವುದಿಲ್ಲ. ಅಲ್ಲಿ ಗೊಬ್ಬರವೇ ತೇವ ಹಿಡಿಯಬೇಕು. ಸೆಖೆಯ ನಾಡಿನಲ್ಲಿ ಮಣ್ಣೊಳಗಿನ ಗೊಬ್ಬರದ ಅಂಶ ಬೇಗ ಕರಗಿ ಹೋಗುವುದರಿಂದ ಒಂದು ಸಲ ಹಾಕಿ ಸುಮ್ಮನಿರುವಂತಿಲ್ಲ, ಪ್ರತಿ ವರ್ಷ ಹಾಕಬೇಕು.

ಹಿತ್ತಲು ಖಾಲಿ ಮಾಡುವ ಮುಂಚೆ ಬೀಜಕ್ಕೆಂದು ಒಂದು ಒಳ್ಳೆಯ ಹೀರೆಕಾಯಿ, ಒಂದು ಹಿಡಿ ಅವರೆ ಕಾಯಿ ಬಳ್ಳಿಯಲ್ಲೇ ಒಣಗಲು ಬಿಡಲು ಅವ್ವನಿಗೆ ಹೇಳಿ. ಬೀಜ ಬಿಡಿಸಿ ಒಲೆಯ ಬೂದಿ ಬೆರೆಸಿ ಇಟ್ಟರೆ ಹುಳ ಹತ್ತುವುದು ಕಡಿಮೆ. ಬೂದಿಗೂ ಅದರದೇ ಕೆಲಸವಿದೆ, ಅದಕ್ಕೆ ಒಲೆಯ ಬೂದಿಯೇ ಸಾಕು.

ಗುಂಡಿ ಮುಚ್ಚಿದ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ದಸರೆಗೆ ಮುಂಚೆ ತೆರೆಯಬೇಡಿ. ತೆರೆದಾಗ ಬಳ್ಳಿ ಯಾವುದು, ಬದನೆ ಕಡ್ಡಿ ಯಾವುದು ಎಂದು ಗುರುತು ಸಿಗದಂತೆ ಕಪ್ಪಗೆ ಪುಡಿಯಾಗಿದ್ದರೆ ಗೊಬ್ಬರ ಹಣ್ಣಾಗಿದೆ. ಅವರೆ ಊರುವ ಪ್ರತಿ ಗುಣಿಗೆ ಎರಡು ಬೊಗಸೆ ಹಾಕಿ. ಒಂದು ಗುಣಿಗೆ ಮಾತ್ರ ಗೊಬ್ಬರ ಹಾಕದೆ ಬಿಟ್ಟು, ಎರಡು ಬಳ್ಳಿಗಳ ಎಲೆ, ಹೂ, ಕಾಯಿಗಳನ್ನು ವಾರಕ್ಕೊಮ್ಮೆ ಎಣಿಸಿ ಪಟ್ಟಿಯಲ್ಲಿ ಬರೆದು, ನಿಮ್ಮ ವಿಜ್ಞಾನದ ಟೀಚರಿಗೆ ತೋರಿಸಿ.