ನಾಕಾ, ಚೌಕಿ ಮತ್ತು ನಮ್ಮ ಹಳ್ಳಿಗಳು

ಬೀದರ್ ಜಿಲ್ಲೆಯ ಕೊಡಂಬಲದಿಂದ ಹುಮನಾಬಾದಿಗೆ ಬಂದು ಸೊಲ್ಲಾಪುರದ ಬಸ್ಸು ಹತ್ತಿದರೆ ಇಂದು ದಾರಿಯಲ್ಲಿ ಯಾರೂ ನಮ್ಮ ಗಂಟು ಬಿಚ್ಚಿಸುವುದಿಲ್ಲ. ನಿಜಾಮರ ಕಾಲದಲ್ಲಿ ಹಾಗಿರಲಿಲ್ಲ. ಬೀದರ್ ಹೈದರಾಬಾದ್ ಸಂಸ್ಥಾನದ್ದು, ಸೊಲ್ಲಾಪುರ ಬ್ರಿಟಿಷರ ಮುಂಬಯಿ ಪ್ರಾಂತದ್ದು. ನಡುವೆ ಕರೋಡಗಿರಿ ನಾಕಾ. ಬಂಡಿ ನಿಲ್ಲಿಸಿ, ಸರಕು ತೋರಿಸಿ, ಸುಂಕ ಕಟ್ಟಿಯೇ ಮುಂದೆ ಹೋಗಬೇಕು. ಆಚೆ ಬ್ರಿಟಿಷರ ಕಲದಾರ್ ರೂಪಾಯಿ, ಈಚೆ ನಿಜಾಮರ ಹಾಲಿ ಸಿಕ್ಕಾ ನಾಣ್ಯ. ಸೊಲ್ಲಾಪುರ ಜಿಲ್ಲೆಯ ಬಾರ್ಶಿ ಕಡೆಯಂತೂ ಬ್ರಿಟಿಷ್ ಸೀಮೆಯ ಕೆಲವು ಹಳ್ಳಿಗಳ ಸುತ್ತಲೂ ನಿಜಾಮರ ನೆಲ.

1947ರ ಆಗಸ್ಟ್ 15ರ ನಂತರ ಇದೇ ಗಡಿ ಸ್ವತಂತ್ರ ಭಾರತಕ್ಕೂ ಅದಕ್ಕೆ ಸೇರದೆ ಉಳಿದ ಹೈದರಾಬಾದಿಗೂ ನಡುವಿನ ಗಡಿಯಾಯಿತು. ನವೆಂಬರ್ 29ರಂದು ಎರಡರ ನಡುವೆ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಬಿತ್ತು, ಶಾಂತಿ ಮಾತ್ರ ಬರಲಿಲ್ಲ. ನಿಜಾಮರ ಪರ ನಿಂತ ಖಾಸಿಂ ರಜ್ವಿಯ ಖಾಸಗಿ ಪಡೆಯಾದ ರಜಾಕಾರರು ಹಳ್ಳಿಗಳನ್ನು ಸುಲಿದರು. ಆಚೆಯ ಮುಂಡರಗಿ, ಗಜೇಂದ್ರಗಡದ ಶಿಬಿರಗಳಿಂದ ನಿಜಾಮರ ವಿರುದ್ಧದ ಹೋರಾಟಗಾರರು ಗಡಿ ದಾಟಿ ಬಂದು ನಾಕಾ, ಪೊಲೀಸ್ ಚೌಕಿಗಳ ಮೇಲೆ ಬಿದ್ದರು. 1948ರ ಜುಲೈಯಲ್ಲಿ ಬಾರ್ಶಿ ಕಡೆಯ ನಾನಜ್ ಬಳಿ ಭಾರತದ ಸೈನಿಕರ ಮೇಲೆಯೇ ಗುಂಡು ಹಾರಿತು. ಜನರನ್ನು ಕಾಯಬೇಕಾದ ಪೊಲೀಸರು ಇದ್ದೂ ಇಲ್ಲದಂತಾದರು.

ಇದರ ಬೆಲೆ ತೆತ್ತವರು ಹಳ್ಳಿಯವರು. ಬಸವಕಲ್ಯಾಣ ಕಡೆಯ ಗೋರಟಾ ಗ್ರಾಮಕ್ಕೆ ಆ ವರ್ಷದ ಮೇ ತಿಂಗಳಲ್ಲಿ ರಜಾಕಾರರು ನುಗ್ಗಿದರು. ಮನೆಗಳು ಸುಟ್ಟವು, ಬಹಳಷ್ಟು ಜನ ಹತರಾದರು. ಸಾಹುಕಾರರೊಬ್ಬರ ಭದ್ರವಾದ ಮನೆಯೊಳಗೆ ಸೇರಿಕೊಂಡವರು ಜೀವ ಉಳಿಸಿಕೊಂಡರು.

ಸೆಪ್ಟೆಂಬರ್ 13ರ ಬೆಳಗಿನ ಜಾವ ಭಾರತ ಸೇನೆಯ ಜನರಲ್ ಚೌಧರಿಯವರ ಪಡೆ ಸೊಲ್ಲಾಪುರದಿಂದ ಹೈದರಾಬಾದಿನತ್ತ ಹೊರಟಿತು. ನಳದುರ್ಗದ ಬೋರಿ ನದಿಯ ಸೇತುವೆ ಮುರಿಯದೆ ಕೈಗೆ ಸಿಕ್ಕಿತು. ಉಮರ್ಗಾ, ನಮ್ಮ ರಾಜೇಶ್ವರ, ಜಹೀರಾಬಾದ್ ಹಾದು ಪಡೆ ಮುಂದುವರಿಯಿತು. 17ರಂದು ನಿಜಾಮರು ಶರಣಾದರು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಸೇಡು ಶುರುವಾಯಿತು. ರಜಾಕಾರರ ಪಾಪಕ್ಕೆ ಏನೂ ಅರಿಯದ ಮುಸಲ್ಮಾನ ಕುಟುಂಬಗಳು ಬಲಿಯಾದವು. ಭಾರತ ಸರ್ಕಾರವೇ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ, ಸಂಸ್ಥಾನದಲ್ಲಿ ಕಡಿಮೆಯೆಂದರೂ 27 ಸಾವಿರದಿಂದ 40 ಸಾವಿರ ಜನ ಸತ್ತಿರಬೇಕೆಂದು ಅಂದಾಜು ಮಾಡಿತು. ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಬೀದರ್ ಒಂದು. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ.

ಗಡಿಯ ಚೌಕಿಯಲ್ಲಿ ರಕ್ತ ಹರಿದದ್ದು ನಮ್ಮಲ್ಲಷ್ಟೇ ಅಲ್ಲ, ದೂರದ ಚೀನಾದ ತೆಂಕಣ ತುದಿಯಲ್ಲೂ ಹರಿದಿದೆ. ಹಾಂಗ್‌ಕಾಂಗಿನ ಬ್ರಿಟಿಷ್ ಗಡಿ ಶಾ ಟೌ ಕೋಕ್ ಎಂಬ ಊರಿನ ಬೀದಿಯ ನಡುವೆಯೇ ಹಾದುಹೋಗಿತ್ತು. 1967ರ ಜುಲೈ 8ರಂದು ಅಲ್ಲಿ ಚೀನಾ ಕಡೆಯಿಂದ ಬಂದ ಗುಂಡಿಗೆ ಐವರು ಪೊಲೀಸರು ಸತ್ತರು. ಕಾವಲಿಗೆ ಗೂರ್ಖಾ ಸೈನಿಕರು ಬಂದರು. ಗಡಿ ಎಳೆದವರು ದೂರದ ರಾಜಧಾನಿಯವರು, ಸತ್ತವರು ಚೌಕಿಯಲ್ಲಿ ನಿಂತವರು.

ಚೌಕಿ ಇರುವುದು ಗೆರೆ ಕಾಯಲಿಕ್ಕಲ್ಲ, ಗೆರೆಯ ಎರಡೂ ಬದಿಯ ಜನರನ್ನು ಕಾಯಲಿಕ್ಕೆ. ಅದನ್ನು ಮರೆತ ಕಡೆಯೆಲ್ಲ ರಕ್ತ ಹರಿದಿದೆ. ಸೆಪ್ಟೆಂಬರ್ 17ಕ್ಕೆ ಧ್ವಜ ಏರಿಸೋಣ, ಗೋರಟಾದ ಹುತಾತ್ಮರಿಗೆ ಕೈಮುಗಿಯೋಣ. ಆಮೇಲಿನ ಸೇಡಿನಲ್ಲಿ ಸತ್ತವರಿಗೂ ಅದೇ ಗೌರವ ಸಲ್ಲಲಿ. ಆ ದಿನಗಳನ್ನು ಕಂಡ ಅಜ್ಜ ಅಜ್ಜಿಯರು ನಿಮ್ಮ ಓಣಿಯಲ್ಲಿ ಇನ್ನೂ ಇದ್ದರೆ ಇವತ್ತೇ ಹೋಗಿ ಪಕ್ಕದಲ್ಲಿ ಕೂತು ಕೇಳಿ. ಎರಡೂ ನೋವನ್ನು ಒಂದೇ ಪುಸ್ತಕದಲ್ಲಿ ಬರೆದಿಡಿ.