ನಾನು ಡಿಮ್‌ನಲ್ಲೇ ಇದ್ದೆ ಸ್ವಾಮಿ!



ಇವತ್ತು ರಾಜಕೀಯ ಬೇಡ. ಇವರು ಅವರನ್ನು ಬೈದರು, ಅವರು ಇವರನ್ನು ಬೈದರು. ನಾಳೆಯೂ ಬೈತಾರೆ, ಎಲ್ಲಿಗೂ ಓಡಿಹೋಗಲ್ಲ. ಇವತ್ತು ನಿಮ್ಮ ಮನೆ ಮುಂದೆ ನಿಂತಿದೆಯಲ್ಲ ಗಾಡಿ, ಅದರ ಹೆಡ್‌ಲೈಟ್ ಬಗ್ಗೆ ಮಾತಾಡೋಣ. ನಗಬೇಡಿ. ಹೆಡ್‌ಲೈಟ್ ಬಗ್ಗೆ ಹೇಳೋಕೆ ಇವನೇ ಬೇಕಾ ಅಂತ ನೀವು ಕೇಳಬಹುದು. ಬೇಕು. ಯಾಕಂದ್ರೆ ಈ ವಿಷಯದಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದವನು ನಾನೇ.

2024ರ ಜುಲೈ ನೆನಪು ಮಾಡಿಕೊಳ್ಳಿ. ಕಣ್ಣು ಕುಕ್ಕುವ ಎಲ್‌ಇಡಿ ಲೈಟ್ ಹಾಕಿಸಿಕೊಂಡು ಓಡಾಡುವವರ ಮೇಲೆ ರಾಜ್ಯದ ಪೊಲೀಸರು ಕೇಸು ಹಾಕೋಕೆ ಹೊರಟರು. ಮೋಟಾರು ವಾಹನ ಕಾಯ್ದೆಯ 177ನೇ ಸೆಕ್ಷನ್, ಮೊದಲ ಸಲಕ್ಕೆ 500 ರೂಪಾಯಿ. ಆಗ ಇದೇ ಕುರ್ಚಿಯಲ್ಲಿ ಕೂತು ನಾನು ಬೈದದ್ದೇನು, ಕೂಗಿದ್ದೇನು! ‘ನಿಮ್ಮ ಗಾಡಿ ಏನು ಕ್ರಿಕೆಟ್ ಸ್ಟೇಡಿಯಮ್ಮಾ? ಎದುರಿಗೆ ಬರೋನು ಮನುಷ್ಯ ಅಲ್ವಾ?’ ಅಂದಿದ್ದೆ. ಜನ ಚಪ್ಪಾಳೆ ಹೊಡೆದರು. ನಾನೂ ಖುಷಿಯಾಗಿದ್ದೆ.

ಅದಾದ ಮೇಲೆ ಬಂದ ಚಳಿಗಾಲ. ದೊಡ್ಡಬಳ್ಳಾಪುರ ತಾಲೂಕು, ದೊಡ್ಡಬೆಳವಂಗಲದ ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ಚಿಕ್ಕಪ್ಪ ಇದ್ದಾರೆ. ಅವರ ಮನೆಯಲ್ಲಿ ಒಂದು ಶುಭಕಾರ್ಯ. ಬೆಳಗಿನ ಜಾವವೇ ಬೆಂಗಳೂರು ಬಿಟ್ಟೆ. ದಾಬಸ್‌ಪೇಟೆ ರಸ್ತೆ ಬಿಟ್ಟು ಒಳಗೆ ತಿರುಗಿಕೊಂಡರೆ ಹಳ್ಳಿ ರಸ್ತೆ. ಒಂದೂವರೆ ಗಾಡಿಯ ಅಗಲ, ಎರಡೂ ಕಡೆ ಮಣ್ಣು, ಆಮೇಲೆ ಚರಂಡಿಯಂಥ ಹಳ್ಳ. ಐದೂಮುಕ್ಕಾಲು ಗಂಟೆ, ಕತ್ತಲು, ತೆಳ್ಳಗೆ ಮಂಜು. ಎದುರಿಗೆ ಒಂದು ಟಿವಿಎಸ್ ಬಂತು, ಹಿಂದೆ ಎರಡು ಹಾಲಿನ ಕ್ಯಾನ್. ಡೇರಿಗೆ ಹೊರಟಿದ್ದ ಮನುಷ್ಯ. ನಾನು ಹೈಬೀಮ್ ಹಾಕಿರಲಿಲ್ಲ. ದೇವರಾಣೆ ಡಿಮ್‌ನಲ್ಲೇ ಇದ್ದೆ. ಟಿವಿಎಸ್ ಒಂದು ಸಲ ಆ ಕಡೆ ಓಲಾಡಿತು, ಒಂದು ಸಲ ಈ ಕಡೆ, ಆಮೇಲೆ ಕಾಣಲೇ ಇಲ್ಲ.

ಓಡಿಹೋದೆ. ಆತ ಹಳ್ಳದಲ್ಲಿ ಕೂತಿದ್ದ. ಮೊಣಕೈ ತರಚಿತ್ತು, ಅಷ್ಟೇ; ಬೇರೇನೂ ಆಗಿರಲಿಲ್ಲ. ಆದರೆ ಒಂದು ಕ್ಯಾನಿನ ಹಾಲು ಪೂರ್ತಿ ಮಣ್ಣುಪಾಲು. ಮೇಲೆತ್ತಿದೆ. ಮುಖ ನೋಡಿದ. ಗುರುತು ಹಿಡಿದ. ‘ಟೀವೀಲಿ ಲೈಟಿನ್ ಬಗ್ಗೆ ಏಳಿದ್ದು ನೀವೇ ಅಲ್ವಾ ಸಾ?’ ಅಂದ.

ಬೈದಿದ್ದರೆ ಸಹಿಸಿಕೊಳ್ಳಬಹುದಿತ್ತು. ಬೈಯಲಿಲ್ಲ. ನಾನೋ, ನಾಚಿಕೆ ಬಿಟ್ಟು ವಾದಕ್ಕೇ ನಿಂತೆ. ‘ನಾನು ಡಿಮ್‌ನಲ್ಲೇ ಇದ್ದೆ ಸ್ವಾಮಿ, ಬೇಕಾದ್ರೆ ಬಂದು ನೋಡಿ’ ಅಂದೆ. ಬಂದು ನೋಡಿದ. ಕಾರಿನ ಎದುರಿಗೆ ನಿಂತು ಕೈಯಿಂದ ಕಣ್ಣು ಮುಚ್ಚಿಕೊಂಡ. ‘ಡಿಮ್ಮೇ ಇಂಗಿದ್ರೆ, ಬ್ರೈಟು ಎಂಗಿರ್ತದೆ?’ ಅಂದ. ಹಾಲಿನ ದುಡ್ಡು ಕೊಟ್ಟೆ. ಎಣಿಸಿಕೊಂಡು, ಜಾಸ್ತಿ ಇದ್ದದ್ದನ್ನು ವಾಪಸ್ ಕೊಟ್ಟು, ಉಳಿದ ಕ್ಯಾನ್ ಕಟ್ಟಿಕೊಂಡು ಡೇರಿಗೆ ಹೋದ.

ನಮ್ಮ ಚಿಕ್ಕಪ್ಪ ಸಾರಿಗೆ ಸಂಸ್ಥೆಯ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ರಿಟೈರ್ ಆದವರು. ‘ಏನಪ್ಪಾ, ಮೊಕ ಯಾಕಿಂಗೈತೆ?’ ಅಂದರು. ಹೇಳಿದೆ. ‘ಇತ್ತೀಚ್ಗೆ ಮುಂದ್ಗಡೆ ಏನಾರ ಕೆಲ್ಸ ಮಾಡ್ಸಿದ್ಯಾ?’ ಹೌದು. ಎರಡು ತಿಂಗಳ ಹಿಂದೆ ಬಂಪರ್ ತಾಗಿಸಿಕೊಂಡಿದ್ದೆ. ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಬಂಪರ್ ಬದಲಾಯಿಸಿ, ಒಂದು ಹೆಡ್‌ಲೈಟ್ ಹೊಸದು ಹಾಕಿ, ಬಣ್ಣ ಮಿಂಚಿಸಿ ಕೊಟ್ಟಿದ್ದರು. ಬೆಳಕು ಎಲ್ಲಿಗೆ ಬೀಳ್ತಿದೆ ಅಂತ ಅವರೂ ನೋಡಲಿಲ್ಲ, ನಾನೂ ಕೇಳಲಿಲ್ಲ. ಬಣ್ಣ ಮಾತ್ರ ಎರಡು ಸಲ ಸುತ್ತು ಹಾಕಿ ನೋಡಿದ್ದೆ.

ಊಟ ಮುಗಿದು ಸಂಜೆ ಕತ್ತಲಾಗುವ ತನಕ ಕಾಯಿಸಿದರು. ಆಮೇಲೆ ರೇಷ್ಮೆ ಹುಳುವಿನ ಹಳೇ ಮನೆಯ ಗೋಡೆ ಮುಂದೆ ಕಾರು ನಿಲ್ಲಿಸು ಅಂದರು. ಅಂಗಳಕ್ಕೆ ಸಿಮೆಂಟು ಹಾಕಿತ್ತು. ಆದರೂ ಮೇಸ್ತ್ರಿಯ ನೀರು ತುಂಬಿದ ಟ್ಯೂಬು ತರಿಸಿ, ಚಕ್ರ ನಿಲ್ಲೋ ಜಾಗ, ಗೋಡೆ ಬುಡ, ಎರಡೂ ಒಂದೇ ಮಟ್ಟವಾ ಅಂತ ನೋಡಿದರು. ನೆಲ ವಾಲಿದ್ದರೆ ಗೋಡೆ ಮೇಲಿನ ಲೆಕ್ಕ ಪೂರ್ತಿ ಸುಳ್ಳು. ಡಿಕ್ಕಿಯಲ್ಲಿದ್ದ ಅಕ್ಕಿ ಮೂಟೆ ಇಳಿಸಿದರು. ಚಕ್ರದ ಗಾಳಿ ನೋಡಿದರು. ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದರು, ಯಾಕಂದ್ರೆ ಓಡಿಸೋವಾಗ ಒಳಗೆ ಆಳು ಇದ್ದೇ ಇರ್ತಾನಲ್ಲ. ಸ್ಟೇರಿಂಗ್ ಹತ್ತಿರ 0, 1, 2, 3 ಅಂತ ಒಂದು ಚಿಕ್ಕ ತಿರುಗುಚಕ್ರ ಇರುತ್ತೆ ನೋಡಿ. ನಾನು ಅದನ್ನು ಅಲ್ಲಿಯ ತನಕ ಮುಟ್ಟಿರಲಿಲ್ಲ. ಏನಕ್ಕೆ ಅಂತಲೇ ಗೊತ್ತಿರಲಿಲ್ಲ. ಹಿಂದೆ ಜನ, ಸಾಮಾನು ತುಂಬಿದಾಗ ಕಾರಿನ ಮೂತಿ ಮೇಲೇಳುತ್ತೆ, ಬೆಳಕೂ ಮೇಲೇಳುತ್ತೆ. ಆಗ ನಂಬರ್ ಹೆಚ್ಚಿಸಿದರೆ ಬೆಳಕು ಇಳಿಯುತ್ತೆ. ಅಳತೆ ಮಾಡುವಾಗ ಅದು ಸೊನ್ನೆಯಲ್ಲಿರಬೇಕು.

ಮೊದಲು ಕಾರಿನ ಮೂತಿ ಗೋಡೆಗೆ ತಾಗುವಷ್ಟು ಹತ್ತಿರ. ಎರಡೂ ಬಲ್ಬಿನ ನಡುಮಧ್ಯಕ್ಕೆ ಸರಿಯಾಗಿ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗುರುತು. ನನ್ನ ಕಾರಿನದು ನೆಲದಿಂದ 65 ಸೆಂಟಿಮೀಟರ್ ಎತ್ತರ. ಎರಡು ಗುರುತನ್ನೂ ಸೇರಿಸಿ ಅಡ್ಡಗೆರೆ. ಆಮೇಲೆ ಸ್ಟೇರಿಂಗ್ ತಿರುಗಿಸದೆ ನೇರವಾಗಿ ಐದು ಮೀಟರ್ ಹಿಂದಕ್ಕೆ. ಮೊದಲ ಗೆರೆಯಿಂದ ಐದು ಸೆಂಟಿಮೀಟರ್ ಕೆಳಗೆ ಇನ್ನೊಂದು ಗೆರೆ. ಲೆಕ್ಕ ಸಲೀಸು: ನೂರಕ್ಕೆ ಒಂದು. ಐದು ಮೀಟರಿಗೆ ಐದು ಸೆಂಟಿಮೀಟರ್, ಹತ್ತು ಮೀಟರಿಗೆ ಹತ್ತು. ಕೆಲವು ಗಾಡಿಗಳಲ್ಲಿ ಕಂಪನಿಯವರೇ ಬಾನೆಟ್ ಒಳಗೆ ಅಥವಾ ಲೈಟಿನ ಮೇಲೆ ಈ ಶೇಕಡಾ ಲೆಕ್ಕ ಬರೆದಿರ್ತಾರೆ. ಬರೆದಿದ್ದರೆ ಅದೇ ಸರಿ.

ಈಗ ಡಿಮ್ ಲೈಟು ಹಾಕು, ಒಂದು ಲೈಟಿಗೆ ಟವೆಲ್ ಅಡ್ಡ ಹಿಡಿ ಅಂದರು. ತುಂಬಾ ಹೊತ್ತು ಮುಚ್ಚಿಡಬಾರದು, ಬಿಸಿಯಾಗುತ್ತೆ. ಗೋಡೆ ಮೇಲೆ ಬೆಳಕಿನ ಅಂಚು ಕತ್ತರಿಸಿದ ಹಾಗೆ ಕಾಣಿಸಿತು. ಬಲಗಡೆ ನೇರ, ಎಡಗಡೆ ಸ್ವಲ್ಪ ಮೇಲಕ್ಕೆ ಏರಿಕೊಂಡು. ನಾವು ಎಡಗಡೆ ಓಡಿಸೋರಲ್ವಾ, ರಸ್ತೆ ಪಕ್ಕ ನಡೆಯುವವನು ಕಾಣಲಿ ಅಂತ ಎಡಗಡೆ ಏರಿಕೆ. ಎದುರಿಗೆ ಬರುವವನ ಕಣ್ಣಿಗೆ ಬೀಳದಿರಲಿ ಅಂತ ಬಲಗಡೆ ತಗ್ಗು. ಎಡಗಡೆಯ ಹಳೇ ಲೈಟು ಕೆಳಗಿನ ಗೆರೆ ಮೇಲೆ ಸರಿಯಾಗಿ ಕೂತಿತ್ತು. ಹೊಸದಾಗಿ ಹಾಕಿದ ಬಲಗಡೆಯದು? ಮೇಲಿನ ಗೆರೆಯನ್ನೂ ದಾಟಿ ಹತ್ತು ಸೆಂಟಿಮೀಟರ್ ಮೇಲೆ!

ಇರಬೇಕಾದ ಜಾಗಕ್ಕಿಂತ ಹದಿನೈದು ಸೆಂಟಿಮೀಟರ್ ಎತ್ತರ. ಒಂದು ಗೇಣೂ ಇಲ್ಲ. ಇಷ್ಟಕ್ಕೇನು ಮಹಾ ಅನಿಸುತ್ತೆ ಅಲ್ವಾ? ಲೆಕ್ಕ ಹಾಕಿ. ಐದು ಮೀಟರಿಗೆ ಹತ್ತು ಸೆಂಟಿಮೀಟರ್ ಏರಿದರೆ ನಲವತ್ತು ಮೀಟರಿಗೆ ಎಂಬತ್ತು. ಅದಕ್ಕೆ ಲೈಟಿನ ಎತ್ತರ 65 ಸೇರಿಸಿ: 145 ಸೆಂಟಿಮೀಟರ್. ಟಿವಿಎಸ್ ಮೇಲೆ ಕೂತವನ ಕಣ್ಣು ಹೆಚ್ಚುಕಡಿಮೆ ಅಲ್ಲೇ ಇರುತ್ತೆ. ಸರಿಯಾಗಿ ಕೂತ ಲೈಟಾದರೆ 65 ಮೀಟರ್ ದೂರದಲ್ಲಿ ರಸ್ತೆಗೆ ಬಿದ್ದು ಮುಗಿಯುತ್ತೆ. ನನ್ನದು ರಸ್ತೆಗೆ ಬೀಳುತ್ತಲೇ ಇರಲಿಲ್ಲ, ಆತನ ಮುಖಕ್ಕೆ ಬೀಳುತ್ತಿತ್ತು. ಕಣ್ಣು ಕತ್ತಲೆಗಟ್ಟಿದ ಮೇಲೆ ಮತ್ತೆ ದಾರಿ ಕಾಣೋಕೆ ಕೆಲವು ಸೆಕೆಂಡ್ ಬೇಕು, ವಯಸ್ಸಾದವರಿಗೆ ಇನ್ನೂ ಜಾಸ್ತಿ. ಅರವತ್ತರ ವೇಗದಲ್ಲಿ ಒಂದು ಸೆಕೆಂಡ್ ಅಂದ್ರೆ ಸುಮಾರು 17 ಮೀಟರ್. ಅಷ್ಟೂ ದೂರ ಕುರುಡಾಗಿ ಓಡಿಸಬೇಕು. ಬಳ್ಳಾರಿ ರಸ್ತೆಯಲ್ಲಿ ದೇವನಹಳ್ಳಿ ಕಡೆಗೆ ಹೋಗುವವರಿಗೆ ನಡುವೆ ಡಿವೈಡರ್ ಇದೆ, ಅದರ ಮೇಲೆ ಗಿಡ ಇದೆ. ಸಾಸಲು, ತೂಬಗೆರೆ ಹೋಬಳಿಯ ಹಳ್ಳಿ ರಸ್ತೆಗಳಲ್ಲಿ ಏನಿದೆ? ಹಳ್ಳ ಇದೆ.

ರಿಪೇರಿ ಎಷ್ಟು ಹೊತ್ತು ಹಿಡಿಯಿತು ಗೊತ್ತಾ? ಬಾನೆಟ್ ಎತ್ತಿ, ಲೈಟಿನ ಹಿಂದೆ ಇದ್ದ ಎರಡು ತಿರುಪುಗಳಲ್ಲಿ ಒಂದನ್ನು ಸ್ಕ್ರೂಡ್ರೈವರ್‌ನಲ್ಲಿ ತಿರುಗಿಸುತ್ತಾ ಹೋದರು. ಒಂದು ಮೇಲೆ-ಕೆಳಗೆ, ಇನ್ನೊಂದು ಅಕ್ಕಪಕ್ಕ. ಕಾಲು ಸುತ್ತು ತಿರುಗಿಸೋದು, ಗೋಡೆ ನೋಡೋದು. ಅಂಚು ಇಳಿದು ಇಳಿದು ಕೆಳಗಿನ ಗೆರೆ ಮೇಲೆ ಕೂತಿತು. ಬೆಳಕು ಮೇಲಕ್ಕೆ ತಿರುಗುವ ಮೂಲೆ ಬಲ್ಬಿನ ನೇರಕ್ಕೆ ಇದೆಯಾ ನೋಡಿದರು. ಒಂಚೂರು ಎಡಕ್ಕಿದ್ದರೆ ಪರವಾಗಿಲ್ಲ, ಬಲಕ್ಕೆ ಮಾತ್ರ ಇರಬಾರದು. ಹತ್ತು ನಿಮಿಷ. ಖರ್ಚು, ಒಂದು ಸೀಮೆಸುಣ್ಣ.

ಇಷ್ಟು ಹೇಳಿದೆ ಅಂತ ಎಲ್ಲರೂ ಇವತ್ತೇ ಸ್ಕ್ರೂಡ್ರೈವರ್ ಹಿಡಿಯಬೇಡಿ. ತಾನಾಗಿಯೇ ಏರಿಳಿಯುವ ಹೊಸ ನಮೂನೆಯ ಎಲ್‌ಇಡಿ ಲೈಟ್ ಇರುವ ಗಾಡಿಯಾದರೆ ಸರ್ವೀಸ್ ಸೆಂಟರಿಗೇ ಹೋಗಿ. ಇನ್ನು ಹ್ಯಾಲೊಜೆನ್ ಬಲ್ಬಿಗೆ ಮಾಡಿದ ಬಟ್ಟಲಿಗೆ ಅಂಗಡಿಯ ಎಲ್‌ಇಡಿ ಬಲ್ಬು ತುರುಕಿಸಿದ್ದೀರಲ್ಲ, ನಿಮ್ಮದು ಎಷ್ಟು ತಿರುಪು ತಿರುಗಿಸಿದರೂ ಸರಿಹೋಗಲ್ಲ. ಆ ಬಟ್ಟಲು ಮಾಡಿರೋದೇ ಒಂದು ಎಳೆ ತಂತಿ ಒಂದೇ ಜಾಗದಲ್ಲಿ ಉರಿಯುತ್ತೆ ಅನ್ನೋ ಲೆಕ್ಕದಲ್ಲಿ. ಬೆಳಕು ಹುಟ್ಟುವ ಜಾಗ ಬದಲಾದರೆ ಅಂಚೇ ಇರಲ್ಲ, ಎಲ್ಲಾ ಕಡೆ ಚೆಲ್ಲುತ್ತೆ. ಗೋಡೆ ಮುಂದೆ ನಿಲ್ಲಿಸಿ, ಗೊತ್ತಾಗುತ್ತೆ. ಹಳೇ ಬಲ್ಬು ವಾಪಸ್ ಹಾಕಿಸಿ.

ಈಗ ಸರ್ಕಾರಕ್ಕೆ ಒಂದು ಮಾತು. 1989ರ ಕೇಂದ್ರ ಮೋಟಾರು ವಾಹನ ನಿಯಮ, 106ನೇ ನಿಯಮ. ಲೈಟಿನಿಂದ ಎಂಟು ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಇರುವ ಕಣ್ಣಿಗೆ ಕುಕ್ಕದ ಹಾಗೆ ಬೆಳಕು ತಗ್ಗಬೇಕು ಅಂತ ಬರೆದಿದೆ. ಎಷ್ಟು ಚೆನ್ನಾಗಿ ಬರೆದಿದ್ದಾರೆ! ನೋಡೋರು ಯಾರು? ಸ್ವಂತ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ. ಅಷ್ಟೂ ವರ್ಷ ನೆಲಮಂಗಲದ ಕೆಎ 52 ಇರಲಿ, ದೇವನಹಳ್ಳಿಯ ಕೆಎ 43 ಇರಲಿ, ನಿಮ್ಮ ಲೈಟು ಎಲ್ಲಿಗೆ ಬೀಳ್ತಿದೆ ಅಂತ ಕರೆದು ಕೇಳೋ ವ್ಯವಸ್ಥೆಯೇ ಇಲ್ಲ. ಹೊಗೆ ತಪಾಸಣೆ ಮಾತ್ರ ಕಾಲಕಾಲಕ್ಕೆ ಆಗಬೇಕು. ಆ ಹೊಗೆ ನೋಡೋ ಬೂತಿನ ಪಕ್ಕದ ಗೋಡೆಗೆ ಎರಡು ಗೆರೆ ಎಳೆದರೆ ಏನು ಗಂಟು ಹೋಗುತ್ತೆ ಸ್ವಾಮಿ? 500 ರೂಪಾಯಿ ದಂಡ ಹಾಕಿ, ಬೇಡ ಅನ್ನಲ್ಲ. ಆದರೆ ದಂಡ ಕಟ್ಟಿದವನ ಲೈಟು ಅಲ್ಲೇ ಇಳಿಸಿ ಕಳಿಸಿ. ರಸೀದಿ ಹಿಡಿದುಕೊಂಡು ಅದೇ ಬೆಳಕಿನಲ್ಲಿ ಮುಂದಿನ ಊರಿಗೆ ಹೋದರೆ ಅಲ್ಲಿ ಇನ್ನೊಬ್ಬ ಹಳ್ಳಕ್ಕೆ ಬೀಳ್ತಾನೆ.

ಬೈಕಿನವರೇ, ನಿಮ್ಮನ್ನು ಮರೆತಿಲ್ಲ. 2017ರ ಏಪ್ರಿಲ್‌ನಿಂದ ಬಂದ ಹೊಸ ಬೈಕುಗಳಲ್ಲಿ ಹಗಲೂ ಲೈಟು ಉರಿಯುತ್ತಲೇ ಇರುತ್ತೆ. ಭಾನುವಾರ ನಾಲ್ಕು ಗಂಟೆಗೆ ನಂದಿ ಬೆಟ್ಟಕ್ಕೆ ಹೊರಡೋ ಹುಡುಗರ ಸಾಲಿನ ಎದುರು ಬಂದವರಿಗೆ ಗೊತ್ತು, ಹಿಂದೆ ಒಬ್ಬರು ಕೂತರೆ ಆ ಲೈಟು ಎಲ್ಲಿಗೆ ಏರುತ್ತೆ ಅಂತ. ಬೈಕು ಅಳೆಯುವಾಗ ಸ್ಟ್ಯಾಂಡ್ ಹಾಕಬಾರದು. ಸೀಟಿನ ಮೇಲೆ ಆಳು ಕೂತು, ನೆಟ್ಟಗೆ ಹಿಡಿದು, ಇನ್ನೊಬ್ಬರು ಗೋಡೆ ನೋಡಬೇಕು. ಯಾವಾಗಲೂ ಜೋಡಿಯಾಗಿ ಹೋಗೋರಾದರೆ ಜೋಡಿಯಾಗೇ ಕೂತು ಅಳೆಯಿರಿ.

ಮಾರನೇ ದಿನ ಬೆಳಿಗ್ಗೆ ಡೇರಿ ಹತ್ತಿರ ಹೋದೆ. ಆತ ಸಾಲಿನಲ್ಲಿ ನಿಂತಿದ್ದ. ಲೈಟು ಸರಿ ಮಾಡಿಸಿದೆ ಅಂದೆ. ಎದ್ದು ಬಂದು, ಕಾರಿನ ಮುಂದೆ ಐವತ್ತು ಹೆಜ್ಜೆ ನಡೆದು, ತಿರುಗಿ ನಿಂತ. ಈ ಸಲ ಕೈ ಅಡ್ಡ ಹಿಡಿಯಲಿಲ್ಲ. ವಾಪಸ್ ಬಂದವನು ‘ಸಾ, ನಂದೂ ಒಸಿ ನೋಡ್ಸಿಕೊಡ್ರಿ’ ಅಂದ. ಅವನ ಟಿವಿಎಸ್ ಕಡೆ ತಿರುಗಿದೆ. ಹೆಡ್‌ಲೈಟನ್ನು ಸೈಕಲ್ ಟ್ಯೂಬಿನಲ್ಲಿ ಎಳೆದು ಕಟ್ಟಿದ್ದ. ಬೆಳಕು ನೇರವಾಗಿ ಹುಣಸೇಮರದ ತುದಿಗೆ ಹೊಡೀತಿತ್ತು. ಚಿಕ್ಕಪ್ಪನಿಗೆ ಫೋನ್ ಮಾಡಿದೆ. ‘ಕರ್ಕಂಡ್ ಬಾ, ಗೆರೆ ಇನ್ನೂ ಅಳಿಸಿಲ್ಲ’ ಅಂದರು.