ಮೆಲುಕು ನಿಂತರೆ

ಮದುವೆ ಮನೆಯಲ್ಲಿ ಅನ್ನ ಮಿಕ್ಕರೆ ನಮಗೆ ಮೊದಲು ನೆನಪಾಗುವುದು ಹಸು. ಬಕೆಟ್ಟುಗಟ್ಟಲೆ ಅನ್ನ, ಪಾಯಸ ಸುರಿದು ಪುಣ್ಯ ಬಂತು ಅಂದುಕೊಳ್ಳುತ್ತೇವೆ. ಹಸುವಿನ ಪಾಡು ಬೇರೆ. ಅದರ ದೊಡ್ಡ ಹೊಟ್ಟೆಯಲ್ಲಿ ನಾರು ಕರಗಿಸುವ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ಒಮ್ಮೆಲೇ ಅಷ್ಟು ಪಿಷ್ಟ ಬಿದ್ದರೆ ಅಲ್ಲಿ ಆಮ್ಲ ಏರುತ್ತದೆ. ಮೆಲುಕು ನಿಲ್ಲುತ್ತದೆ, ಹಾಲು ಇಳಿಯುತ್ತದೆ, ಕೆಲವೊಮ್ಮೆ ಬೆಳಗಾಗುವಷ್ಟರಲ್ಲಿ ಹಸುವೇ ಇರುವುದಿಲ್ಲ. ಗೋಪೂಜೆಗೂ ಒಂದು ತುತ್ತು ಪ್ರಸಾದ ಧಾರಾಳವಾಯಿತು.

ಕರೆಯುವ ಹಸುವಿಗೆ ಹಸಿಮೇವೂ ಬೇಕು, ರಾಗಿಹುಲ್ಲೂ ಬೇಕು. ಮೈ ಕಾಯ್ದುಕೊಳ್ಳಲು ದಿನಕ್ಕೆ ಒಂದೂವರೆ ಎರಡು ಕಿಲೋ ಪಶು ಆಹಾರ, ಅದರ ಮೇಲೆ ಪ್ರತಿ 2.5 ಲೀಟರ್ ಹಾಲಿಗೆ ಸುಮಾರು ಒಂದು ಕಿಲೋ. ಮೇವು ಬದಲಿಸುವುದಿದ್ದರೆ ವಾರ ಹತ್ತು ದಿನ ತೆಗೆದುಕೊಂಡು, ಸ್ವಲ್ಪ ಸ್ವಲ್ಪವಾಗಿ. ನೀರಿಗೆ ಮಾತ್ರ ಲೆಕ್ಕ ಇಡಬೇಡಿ. ಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ, ಅದೂ ಯಾರಾದರೂ ಬೆರೆಸುವ ಮುಂಚೆ!

ಇವತ್ತು ಹಸು ಮಲಗಿ ಮೆಲುಕು ಹಾಕುವಾಗ ಪಕ್ಕದಲ್ಲಿ ಕೂತು ಎಣಿಸಿ. ಗಂಟಲಿಂದ ಉಂಡೆ ಮೇಲೆ ಬಂದದ್ದು ಕಾಣುತ್ತದೆ. ಒಂದು ಉಂಡೆಗೆ ಐವತ್ತು ಅರವತ್ತು ಸಲ ದವಡೆ ಆಡಿದರೆ ಹೊಟ್ಟೆ ನೆಟ್ಟಗಿದೆ. ನಲವತ್ತಕ್ಕೂ ಕೆಳಗಿಳಿದರೆ ನಾರು ಸಾಲುತ್ತಿಲ್ಲ; ಹಿಂಡಿ ಸ್ವಲ್ಪ ತಗ್ಗಿಸಿ, ಒಣಹುಲ್ಲು ಏರಿಸಿ.